ಮಂಕು ಬೆಸುಗೆ

ಜನವರಿ 6, ಸೋಮವಾರ

ಸೊಸೈಟಿಯವರು ವರ್ಷಾವರ್ಷ ಕೊಡುವ ಈ ಡೈರಿ ಇಷ್ಟು ದಿನ ಹೆಂಡತಿ ಕುಶಲಾಳ ಹಾಲು, ಪೇಪರಿನ ಲೆಕ್ಕಕ್ಕೆ ಹೋಗುತ್ತಿತ್ತು. ಈ ಸಲ ನಾನೇ ಇಟ್ಟುಕೊಂಡೆ. ಅಂಗಡಿ ಇದ್ದಾಗ ದಿನವಿಡೀ ಮಾತಾಡಲು ಜನ ಸಿಗುತ್ತಿದ್ದರು. ಕಾರ್ಕಳ ಬಸ್ ಸ್ಟ್ಯಾಂಡಿನ ಪಕ್ಕ ಮೂವತ್ತು ವರ್ಷ ಟಿ.ವಿ. ರಿಪೇರಿ ಮಾಡಿದ ಈ ತಾರಾನಾಥನ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಗೋಡೆಯಷ್ಟಗಲದ ಹೊಸ ಟಿ.ವಿ. ಕೆಟ್ಟರೆ ಯಾರೂ ರಿಪೇರಿಗೆ ತರುವುದಿಲ್ಲ, ಎಸೆಯುತ್ತಾರೆ.

ಇವತ್ತು ಕೆಲಸಕ್ಕೆ ಸೇರಿದೆ. ಐವತ್ತಾರನೇ ವಯಸ್ಸಿನಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಹೊಸಬ ಅನ್ನಿಸಿಕೊಳ್ಳುವುದರಲ್ಲೂ ಒಂದು ಮಜಾ ಇದೆ. ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಂಪನಿ. ಮಾಲೀಕರು ಬೆಂಜಮಿನ್ ಸಾರ್. ಅವರ ತಂದೆಯ ಕಾಲದ ಟಿ.ವಿ.ಗೆ ಎಷ್ಟೋ ಸಲ ಜೀವ ಕೊಟ್ಟವನು ನಾನು, ಆ ನೆನಪಿಗೆ ಕರೆಸಿದರು. ಹುದ್ದೆ ಇನ್ಸ್‌ಪೆಕ್ಟರ್. ಕುಶಲಾಳ ತಮ್ಮ ಕೇಳಿ ನಕ್ಕ. ಪೊಲೀಸ್ ಇನ್ಸ್‌ಪೆಕ್ಟರ್ ಅಲ್ಲ ಮಾರಾಯ, ಸೋಲ್ಡರ್ ಇನ್ಸ್‌ಪೆಕ್ಟರ್. ಸೋಲ್ಡರ್, ಅಂದರೆ ಬೆಸುಗೆ, ಆದ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಸರಿಯಿದ್ದರೆ ಮುದ್ರೆ ಒತ್ತಬೇಕು, ತಪ್ಪಿದ್ದರೆ ಆ ಜಾಗಕ್ಕೆ ಕೆಂಪು ಬಾಣದ ಸ್ಟಿಕರ್ ಅಂಟಿಸಬೇಕು.

ಬೋರ್ಡುಗಳು ಎಂಥವು ಎಂದು ಕೇಳಿದೆ. ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಬೆಚ್ಚಗಿಡುವ ಯಂತ್ರದವು. ಶಾಖ ಎಷ್ಟಿರಬೇಕು ಎಂದು ನೋಡಿಕೊಳ್ಳುವುದು ಈ ಬೋರ್ಡು. ಮೂವತ್ತು ವರ್ಷ ನಾನು ಕ್ರಿಕೆಟ್ ಮ್ಯಾಚು, ಧಾರಾವಾಹಿಗಳನ್ನು ಉಳಿಸಿದ್ದು. ಇದು ಬೇರೆ ಕೆಲಸ.

ಜನವರಿ 9, ಗುರುವಾರ

ಮೂರು ದಿನದಿಂದ ಒಂದು ದಪ್ಪ ಪುಸ್ತಕ ಓದಿಸುತ್ತಿದ್ದಾರೆ. ಸೋಲ್ಡರ್ ಹೇಗಿದ್ದರೆ ಒಪ್ಪಬೇಕು, ಹೇಗಿದ್ದರೆ ತಿರಸ್ಕರಿಸಬೇಕು ಎನ್ನುವುದಕ್ಕೆ ಜಗತ್ತೇ ಒಪ್ಪಿದ ನಿಯಮವಂತೆ. ಎಲ್ಲರೂ ಅದನ್ನು ‘ಸ್ಟ್ಯಾಂಡರ್ಡ್’ ಎನ್ನುತ್ತಾರೆ. ಪುಟಪುಟಕ್ಕೂ ಬಣ್ಣದ ಫೋಟೋ. ಮದುವೆ ಆಲ್ಬಮ್ ನೋಡುವ ಹಾಗೆ ನೋಡಿದೆ, ಇಲ್ಲಿ ಮದುಮಕ್ಕಳೆಲ್ಲ ಸೋಲ್ಡರ್ ಹನಿಗಳು ಅಷ್ಟೆ.

ನನಗೆ ಕುತೂಹಲ ಹುಟ್ಟಿಸಿದ್ದು ಅದರ ಮೂರು ದರ್ಜೆ. ಆಟಿಕೆ, ಟಾರ್ಚುಗಳಿಗೆ ಒಂದನೇ ದರ್ಜೆ. ಆಫೀಸಿನ ಯಂತ್ರ, ಟಿ.ವಿ. ಇತ್ಯಾದಿಗೆ ಎರಡನೆಯದು. ನಡುವೆ ನಿಂತರೆ ಜೀವ ಹೋಗುವಂಥ ಯಂತ್ರಗಳಿಗೆ ಮೂರನೆಯದು. ನಮ್ಮದು ಮೂರು. ಅದಕ್ಕಿಂತ ವಿಚಿತ್ರ ಇನ್ನೊಂದು ಉಂಟು. ಸರಿ, ತಪ್ಪು ಎರಡರ ನಡುವೆ ಒಂದು ಖಾನೆ. ನೋಡಲು ಅಂದವಿಲ್ಲ, ಆದರೆ ಕೆಲಸಕ್ಕೆ ತೊಂದರೆಯಿಲ್ಲ. ಅಂಥದ್ದು ಕಂಡರೆ ಬೋರ್ಡನ್ನು ಮುಟ್ಟಬಾರದು, ಯಾಕೆ ಹಾಗಾಯಿತು ಎಂದು ಕೆಲಸದ ಕ್ರಮವನ್ನು ಹುಡುಕಿ ತಿದ್ದಬೇಕಂತೆ. ಮತ್ತೆ, ಇಷ್ಟೇ ಶಕ್ತಿಯ ಕನ್ನಡಿಯಲ್ಲಿ ನೋಡಬೇಕೆಂದೂ ಇದೆ. ತಪ್ಪು ಹುಡುಕಲೇಬೇಕೆಂದು ದೊಡ್ಡ ಕನ್ನಡಿ ಹಿಡಿಯುವ ಹಾಗಿಲ್ಲ.

ಕುಶಲಾಳಿಗೆ ಹೇಳಿದೆ. “ಅಂಥ ಪುಸ್ತಕ ಒಂದು ನಮ್ಮ ಮನೆಗೂ ತನ್ನಿ ಮಾರಾಯ್ರೆ. ನಿಮಗೆ ಓದಲಿಕ್ಕೆ” ಎಂದಳು. ಬೆಳಿಗ್ಗೆ ಅವಳು ಹರವಿದ ಬಟ್ಟೆಯನ್ನು ನಾನು ಎಳೆದು ಸರಿಮಾಡಿದ್ದಕ್ಕೆ ಈ ಮಾತು. ಅಂಗಿಯ ತೋಳು ಒಳಮುಖವಾಗಿತ್ತು, ನಾನೇನು ಮಾಡಲಿ.

ಜನವರಿ 15, ಬುಧವಾರ

ಇವತ್ತು ಜಗಳ. ಜಗಳ ಎಂದರೆ ಹೆಚ್ಚಾಯಿತು, ವಾದ.

ಸಣ್ಣ ಬಿಡಿಭಾಗಗಳನ್ನೆಲ್ಲ ಯಂತ್ರವೇ ಕೂರಿಸಿ ಸೋಲ್ಡರ್ ಮಾಡುತ್ತದೆ. ವೈರು ಸಿಕ್ಕಿಸುವ ಎಂಟು ಕಾಲಿನ ಕನೆಕ್ಟರನ್ನು ಮಾತ್ರ ಕೈಯಿಂದಲೇ ಮಾಡಬೇಕು. ಅದನ್ನು ಮಾಡುವವಳು ರಶೀದಾ, ಕಾಪುವಿನವಳು. ಐಟಿಐ ಕಲಿತವಳು, ಮೂವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ, ಕೈ ನೀರಿನ ಹಾಗೆ ಹೋಗುತ್ತದೆ. ಅವಳ ಬೋರ್ಡು ಕನ್ನಡಿಯಡಿ ಇಟ್ಟು ನೋಡಿದರೆ ಎಂಟು ಕಾಲೂ ಮಂಕು. ಬೂದಿ ಬಳಿದಂತೆ, ಸ್ವಲ್ಪ ತರಿತರಿ. ಸರಿಯಾಗಿ ಹಿಡಿಯದ ಇಂಥ ಬೆಸುಗೆಗೆ ನಮ್ಮ ಭಾಷೆಯಲ್ಲಿ ಡ್ರೈ ಸೋಲ್ಡರ್ ಎನ್ನುತ್ತೇವೆ. ಟಿ.ವಿ.ಯ ತಲೆಗೆ ಬಡಿದರೆ ಚಿತ್ರ ಬರುತ್ತಿತ್ತಲ್ಲ, ಅದು ಇದೇ ರೋಗ. ಎಂಟಕ್ಕೆ ಎಂಟು ಕೆಂಪು ಬಾಣ ಅಂಟಿಸಿದೆ.

ಗುಣಮಟ್ಟ ನೋಡಿಕೊಳ್ಳುವ ಎಂಜಿನಿಯರ್ ಲಕ್ಷಿತ್ ಬಂದರು. ನನ್ನ ಮಗನ ಪ್ರಾಯ, ಆದರೂ ಸಾರ್ ಎಂದೇ ಕರೆಯುತ್ತೇನೆ. ಸ್ಟ್ಯಾಂಡರ್ಡ್ ತೆರೆದು ಫೋಟೋ ತೋರಿಸಿದರು. “ತಾರಾನಾಥಣ್ಣ, ನಿಮ್ಮ ಕಾಲದ ಸೋಲ್ಡರ್ ತಂತಿಯಲ್ಲಿ ಸೀಸ ಇತ್ತು. ಹಾಗಾಗಿ ಹೊಳೀತಿತ್ತು. ಇದರಲ್ಲಿ ಸೀಸ ಇಲ್ಲ, ತವರ, ಸ್ವಲ್ಪ ಬೆಳ್ಳಿ, ಸ್ವಲ್ಪ ತಾಮ್ರ. ಆರುವಾಗ ಹೀಗೇ ಮಂಕಾಗುವುದು. ಹೊಳಪು ನೋಡಬೇಡಿ, ಕಾಲಿಗೂ ತಳಕ್ಕೂ ಚೆನ್ನಾಗಿ ಹರಡಿದೆಯಾ ನೋಡಿ.”

“ಕಣ್ಣಿಗೆ ಕಾಣುವುದನ್ನು ಹೇಗೆ ನೋಡದೆ ಇರುವುದು ಸಾರ್?” ಎಂದೆ.

ಬಾಣಗಳನ್ನು ಕೀಳಿಸಿದರು. ರಶೀದಾ ತನ್ನ ಮೇಜಿನಿಂದಲೇ ಹೇಳಿದಳು, “ನಾನೂ ಐಟಿಐಯಲ್ಲಿ ಹೊಳೆಯುವುದನ್ನೇ ಕಲಿತದ್ದು ತಾರಾನಾಥಣ್ಣ. ಅಭ್ಯಾಸ ಆಗ್ಲಿಕ್ಕೆ ನನಗೂ ಸಮಯ ಹಿಡೀತು.” ಒಳ್ಳೆಯ ಹುಡುಗಿ. ಪಾಪ, ಅವಳಿಗೂ ಇದನ್ನೇ ಸರಿ ಎಂದು ನಂಬಿಸಿದ್ದಾರೆ.

ಜನವರಿ 17, ಶುಕ್ರವಾರ

ರಶೀದಾ ಎರಡು ವರ್ಷದಿಂದ ಕಾಂಟ್ರಾಕ್ಟಿನಲ್ಲಿದ್ದಾಳೆ. ಏಪ್ರಿಲಿನಲ್ಲಿ ಖಾಯಂ ಮಾಡುವ ಮಾತಿದೆ, ಅಲ್ಲಿಯವರೆಗೆ ಅವಳ ಬೋರ್ಡುಗಳ ಮೇಲೆ ದೂರು ಬರಬಾರದು. ಖಾಯಂ ಆದರೆ ಕಂಪನಿಯೇ ಅವಳನ್ನು ಟ್ರೈನರ್ ಪರೀಕ್ಷೆಗೆ ಕಳಿಸುತ್ತದೆ. ಅವಳಿಗೆ ಬೇಕಾಗಿರುವುದು ಆ ಪರೀಕ್ಷೆ. ಇದನ್ನೆಲ್ಲ ಕ್ಯಾಂಟೀನಿನಲ್ಲಿ ಕೇಳಿದ್ದು.

ನನಗೆ ಎರಡು ದಿನದಿಂದ ಊಟ ಸೇರುವುದಿಲ್ಲ. ಮಂಕು ಜಾಯಿಂಟಿಗೆ ಮುದ್ರೆ ಒತ್ತಿದರೆ ಯಾವುದೋ ಮಗುವಿನ ನೆನಪಾಗುತ್ತದೆ. ಒತ್ತದಿದ್ದರೆ ರಶೀದಾಳ ಹೆಸರು ಕೆಡುತ್ತದೆ. ಆದ್ದರಿಂದ ಇವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನೇ ಒಂದು ಉಪಾಯ ಮಾಡಿದೆ. ಅವಳ ಮೇಜಿಗೆ ತಾಗಿಕೊಂಡೇ ರಿಪೇರಿ ಮೇಜು ಇದೆ. ಸೋಲ್ಡರ್ ಕರಗಿಸುವ ಬಿಸಿ ಕಡ್ಡಿ, ನಮ್ಮ ಕಾವಿ, ಅಲ್ಲೇ ಕಾದಿರುತ್ತದೆ. ಬ್ಯಾಗಿನಲ್ಲಿ ನನ್ನ ಅಂಗಡಿಯ ತಂತಿಯ ಸುರುಳಿ ಇತ್ತು, ಹಳೆಯ ಒಳ್ಳೆಯ ತಂತಿ. ತೀರಾ ಮಂಕಾಗಿದ್ದ ನಾಲ್ಕೈದು ಬೋರ್ಡುಗಳ ಕಾಲುಗಳನ್ನು ಮತ್ತೆ ಕಾಯಿಸಿ, ಒಂದೊಂದು ಹನಿ ಮೇಲಿಟ್ಟೆ. ಕಂಪನಿಯ ಸೋಲ್ಡರ್ ಮೊಂಡು, ಬೇಗ ಕರಗುವುದಿಲ್ಲ, ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕಾಯಿತು. ಆಮೇಲೆ ಬಂತು ನೋಡಿ ಹೊಳಪು, ಹೊಸ ಸ್ಟೀಲ್ ಲೋಟದ ಹಾಗೆ. ಖುಷಿಯಿಂದ ಮುದ್ರೆ ಒತ್ತಿದೆ. ರಶೀದಾಳಿಗೆ ಒಂದು ಬಾಣವೂ ಬೀಳಲಿಲ್ಲ, ಮಗುವಿಗೂ ಕ್ಷೇಮ. ಯಾರಿಗೂ ನಷ್ಟವಿಲ್ಲ.

ಮನೆಗೆ ಬಂದು ಮಿಕ್ಸಿ ಬಿಚ್ಚಿದೆ. ತಿರುಗುವಾಗ ಒಂದು ಸದ್ದು ಮಾಡುತ್ತಿತ್ತು. ಈಗ ಸದ್ದಿಲ್ಲ, ಆದರೆ ತಿರುಗುವುದೂ ಇಲ್ಲ. ನಾಳೆ ನೋಡಬೇಕು. ಕುಶಲಾ ಪಕ್ಕದ ಮನೆಗೆ ತೆಂಗಿನಕಾಯಿ ತೆಗೆದುಕೊಂಡು ಹೋಗಿ ಅರೆದು ತಂದಳು.

ಜನವರಿ 28, ಮಂಗಳವಾರ

ದಿನಕ್ಕೆ ಐದಾರು ಬೋರ್ಡು ಚೆಂದ ಮಾಡುತ್ತೇನೆ. ಕೈ ಮತ್ತೆ ಹಳೆಯ ಲಯಕ್ಕೆ ಬಂದಿದೆ. ರಾಳ ಸುಟ್ಟ ಆ ಹೊಗೆಯ ವಾಸನೆ ಮೂಗಿಗೆ ಹೋದರೆ ಅಂಗಡಿಯಲ್ಲೇ ಕೂತಂತೆ ಅನಿಸುತ್ತದೆ. ಇಷ್ಟು ಸಂತೋಷ ಅಂಗಡಿ ಮುಚ್ಚಿದ ಮೇಲೆ ಆಗಿರಲಿಲ್ಲ.

ಹಿರಿಯಡ್ಕದಿಂದ ಮುಂದೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಸ್ಟ್ಯಾಂಡರ್ಡಿನ ಕೆಲವು ಪುಟಗಳ ಜೆರಾಕ್ಸ್ ಓದಿದೆ. ಸೋಲ್ಡರ್ ಕಾಲನ್ನು ಅಪ್ಪಿಕೊಳ್ಳುವ ಕೋನವನ್ನೂ ಅಳೆಯುತ್ತಾರೆ. ಯಾರು ಕೂತು ಇದನ್ನೆಲ್ಲ ಯೋಚಿಸಿದರೋ. ಬೇಕಾದ್ದೆಲ್ಲ ಇದೆ, ಹೊಳಪಿನ ವಿಷಯದಲ್ಲಿ ಮಾತ್ರ ಎಡವಿದ್ದಾರೆ.

ಫೆಬ್ರವರಿ 14, ಶುಕ್ರವಾರ

ಬೆಳಗಿನ ಮೀಟಿಂಗಿನಲ್ಲಿ ಬೆಂಜಮಿನ್ ಸಾರ್ ರಶೀದಾಳ ಹೆಸರು ಹೇಳಿದರು. ಒಂದು ತಿಂಗಳಿಂದ ಒಂದೂ ರಿಜೆಕ್ಟ್ ಇಲ್ಲ ಎಂದು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಮುಖ ನೋಡಬೇಕಿತ್ತು. ಮಧ್ಯಾಹ್ನ ಉಮ್ಮ, ಅಂದರೆ ಅವಳ ತಾಯಿ, ಮಾಡಿದ ಹಲ್ವ ಎಂದು ಎಲ್ಲರಿಗೂ ಹಂಚಿದಳು, ನನಗೆ ಎರಡು ತುಂಡು.

“ಮೊದಲಿನ ಇನ್ಸ್‌ಪೆಕ್ಟರು ಸುಮ್ಮಸುಮ್ಮನೆ ಬಾಣ ಅಂಟಿಸ್ತಿದ್ರು. ನೀವು ಸರಿಯಾಗಿ ನೋಡ್ತೀರಿ” ಎಂದಳು.

ಒಳಗೊಳಗೇ ನಗು ಬಂತು. ಹಲ್ವಕ್ಕೆ ಸಿಹಿ ತುಸು ಹೆಚ್ಚಾಗಿತ್ತು.

ಮಾರ್ಚ್ 3, ಸೋಮವಾರ

ರಂಜಾನ್ ಶುರುವಾಯಿತು. ರಶೀದಾ ಮಧ್ಯಾಹ್ನ ಕ್ಯಾಂಟೀನಿಗೆ ಬರುವುದಿಲ್ಲ. ನಮಾಜು ಮುಗಿಸಿ ಬಂದು ತನ್ನ ಮೇಜಿನಲ್ಲೇ ಕೂತು ಸ್ಟ್ಯಾಂಡರ್ಡ್ ಓದುತ್ತಾಳೆ, ಪರೀಕ್ಷೆಯ ತಯಾರಿ. ಅವಳು ಅಲ್ಲಿ ಕೂತರೆ ನಾನು ರಿಪೇರಿ ಮೇಜಿಗೆ ಹೋಗುವುದು ಹೇಗೆ? ಮೆಲ್ಲ ಹೋಗಿ ನಿಂತೆ. “ಎಂತ ಬೇಕಿತ್ತು ತಾರಾನಾಥಣ್ಣ?” ಎಂದು ಕೇಳಿದಳು. ಚಿಮುಟ ಎಂದೆ. ಕೊಟ್ಟಳು.

ಇವತ್ತಿನ ಬೋರ್ಡುಗಳೆಲ್ಲ ಮಂಕಾಗಿಯೇ ಹೋದವು. ಕಣ್ಣು ಮುಚ್ಚಿಕೊಂಡು ಮುದ್ರೆ ಒತ್ತಿದೆ. ಇನ್ನು ಒಂದು ತಿಂಗಳು ಹೀಗೇ. ದೇವರೇ ನೋಡಿಕೊಳ್ಳಬೇಕು.

ಮಾರ್ಚ್ 11, ಮಂಗಳವಾರ

ದೂರು ಬಂದಿದೆ. ಯಂತ್ರ ಮಾಡುವ ಕಂಪನಿಯವರು ನಮ್ಮ ಬೋರ್ಡುಗಳನ್ನು ಆಸ್ಪತ್ರೆಗೆ ಕಳಿಸುವ ಮೊದಲು ಒಂದು ಪೆಟ್ಟಿಗೆಯೊಳಗಿಟ್ಟು ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ ಮಾಡಿ ನೋಡುತ್ತಾರೆ. ಅದರಲ್ಲಿ ಕೆಲವು ಬೋರ್ಡು ನಡುವೆಯೇ ಸತ್ತವು. ಎಲ್ಲದರಲ್ಲೂ ಕನೆಕ್ಟರಿನ ಬುಡದಲ್ಲೇ ದೋಷ. ಪುಣ್ಯಕ್ಕೆ ಯಾವ ಮಗುವಿನ ಹತ್ತಿರಕ್ಕೂ ಹೋಗಿರಲಿಲ್ಲ.

ಬೋರ್ಡುಗಳೆಲ್ಲ ವಾಪಸು ಬಂದಿವೆ. ಪ್ರತಿಯೊಂದರ ಮೇಲೂ ಸೋಲ್ಡರ್ ಮಾಡಿದವರ ನಂಬರು ಇರುತ್ತದೆ. ಎಲ್ಲ ರಶೀದಾಳದ್ದೇ. ಅವಳು ಒಂದು ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

ನಾನು ಹೇಳಿದ್ದೆನಲ್ಲ, ಮಂಕು ಜಾಯಿಂಟು ನಂಬಬಾರದು ಎಂದು. ಆದರೂ ಮನಸ್ಸು ಕೇಳದು. ಲಕ್ಷಿತ್ ಸಾರ್ ಹತ್ತಿರ ಕೇಳಿಕೊಂಡು ಬೋರ್ಡುಗಳನ್ನು ನನ್ನ ಮೇಜಿಗೆ ತಂದೆ. ಟಿ.ವಿ.ಯ ಎಂಥೆಂಥ ಕಳ್ಳ ದೋಷಗಳನ್ನು ಹಿಡಿದವನು ನಾನು, ಇದನ್ನು ಬಿಡುತ್ತೇನಾ?

ಮಾರ್ಚ್ 15, ಶನಿವಾರ

ನಾಲ್ಕು ದಿನದಿಂದ ತಲೆಯಲ್ಲಿ ಬೇರೆ ಏನೂ ಇಲ್ಲ. ಒಗಟು ಚೆನ್ನಾಗಿದೆ.

ಸತ್ತ ಬೋರ್ಡುಗಳಲ್ಲಿ ಕಾಲಿನ ಸುತ್ತ ಇರುವ ತಾಮ್ರದ ಉಂಗುರ ಬುಡದಿಂದ ಎದ್ದಿದೆ. ಕಾವಿಯನ್ನು ಹೆಚ್ಚು ಹೊತ್ತು ಒತ್ತಿ ಹಿಡಿದರೆ ಹಾಗಾಗುತ್ತದೆ, ತಾಮ್ರವನ್ನು ಹಿಡಿದ ಅಂಟು ಸೋಲುತ್ತದೆ. ಆದರೆ ರಶೀದಾಳ ಕೈ ಹಾಗಲ್ಲ. ಅವಳು ಮುಟ್ಟಿ ತೆಗೆಯುವುದು ನೋಡಿದ್ದೇನೆ. ಸೋಲ್ಡರಂತೂ ಉತ್ತಮವಾದದ್ದು, ಒಳ್ಳೆ ಹೊಳಪಿದೆ, ಅದನ್ನು ದೂರುವಂತಿಲ್ಲ.

ಇನ್ನೊಂದು ಕಂಡುಹಿಡಿದೆ. ಜನವರಿ ಕೊನೆಯವು ಸತ್ತಿವೆ, ಫೆಬ್ರವರಿಯವು ಸತ್ತಿವೆ. ಮಾರ್ಚಿನ ಮೊದಲ ವಾರ ಕಳಿಸಿದ್ದರಲ್ಲಿ ಒಂದೂ ಸತ್ತಿಲ್ಲ. ಮಾರ್ಚಿನಲ್ಲಿ ಏನು ಬದಲಾಯಿತು? ತಂತಿ ಅದೇ, ಕಾವಿ ಅದೇ, ಮೇಜು ಅದೇ. ಬದಲಾದದ್ದು ಒಂದೇ, ಉಪವಾಸ. ಬಹುಶಃ ಮೊದಲು ಊಟದ ಹೊತ್ತಿಗೆ ಅವಸರವಾಗುತ್ತಿತ್ತು, ಈಗ ಅವಸರವಿಲ್ಲ. ಲಕ್ಷಿತ್ ಸಾರ್ ಹತ್ತಿರ ಹೋಗಿ ಹೇಳಿದೆ. ಅವರು ಕಣ್ಣರಳಿಸಿದರು. “ಒಳ್ಳೆ ಪಾಯಿಂಟ್ ಹಿಡಿದಿರಿ ತಾರಾನಾಥಣ್ಣ.” ಬರೆದುಕೊಂಡರು.

ಆಮೇಲೆ ಅವರು ಕನ್ನಡಿಯಡಿ ನೋಡುತ್ತಾ, “ಇದು ಇಷ್ಟು ಯಾಕೆ ಹೊಳೀತದೆ?” ಎಂದರು. ಎರಡು ಬೋರ್ಡನ್ನು ಲ್ಯಾಬಿಗೆ ಕಳಿಸುತ್ತಾರಂತೆ. ಹೊಳೆಯುವುದನ್ನೂ ಸಂಶಯಪಡುವ ಕಾಲ ಬಂತು.

ಮಾರ್ಚ್ 20, ಗುರುವಾರ

ಲ್ಯಾಬಿನ ಉತ್ತರ ಬಂತು. ಆ ಜಾಯಿಂಟುಗಳಲ್ಲಿ ಸೀಸ ಇದೆ.

ಲಕ್ಷಿತ್ ಸಾರ್ ಎಲ್ಲರೆದುರು ಓದಿದರು. ಸೀಸದ ತಂತಿ ಈ ಕಟ್ಟಡದೊಳಗೆ ಬರುವ ಹಾಗೆಯೇ ಇಲ್ಲ. ಬೇಗ ಕರಗುತ್ತದೆಂದು ಕೆಲಸ ಮುಗಿಸುವ ಅವಸರಕ್ಕೆ ಯಾರೋ ಹೊರಗಿನಿಂದ ತಂದಿದ್ದಾರೆ ಎಂದರು. ಯಾರೋ ಎಂದರೂ ನೋಡಿದ್ದು ರಶೀದಾಳನ್ನೇ. ಅವಸರ ಎನ್ನುವ ಮಾತು ಅವರಿಗೆ ಕೊಟ್ಟವನು ನಾನು.

“ನಾನು ತರಲಿಲ್ಲ ಸಾರ್” ಎಂದಳು. ಅಷ್ಟೇ. ತಿಂಗಳ ಕೊನೆಗೆ ಕಾಂಟ್ರಾಕ್ಟ್ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದು ಹೇಳಿದರು.

ಸುರುಳಿ ನನ್ನ ಬ್ಯಾಗಿನಲ್ಲಿತ್ತು. ಈಗಲೂ ಇದೆ.

ಮಾರ್ಚ್ 21, ಶುಕ್ರವಾರ

ರಜೆ ಹಾಕಿದೆ. ಮೈ ಸರಿಯಿಲ್ಲ ಎಂದು ಫೋನ್ ಮಾಡಿದೆ, ಅದೇನೂ ಸುಳ್ಳಲ್ಲ.

ಮಾರ್ಚಿನ ಬೋರ್ಡು ಯಾಕೆ ಸಾಯಲಿಲ್ಲ ಎಂದು ಈಗ ತಿಳಿಯಿತು. ಅವಳು ಅಲ್ಲಿ ಕೂತಿದ್ದಳು, ನನಗೆ ಮುಟ್ಟಲಾಗಲಿಲ್ಲ. ಅಷ್ಟೆ. ನಾಲ್ಕು ದಿನ ಕನ್ನಡಿ ಹಿಡಿದು ಹುಡುಕಿದ ಕಳ್ಳ ನಾನೇ.

ಮಧ್ಯಾಹ್ನ ಕುಶಲಾಳಿಗೆ ಎಲ್ಲ ಹೇಳಿದೆ. ಪ್ರೊಬೇಷನ್ ಮುಗಿದಿಲ್ಲ, ಗೊತ್ತಾದರೆ ಅವತ್ತೇ ಮನೆಗೆ ಕಳಿಸುತ್ತಾರೆ, ಈ ಪ್ರಾಯದಲ್ಲಿ ಇನ್ನೆಲ್ಲಿ ಕೆಲಸ ಎಂದೆಲ್ಲ ಹೇಳಿದೆ. ಮಗುವಿನ ಯಂತ್ರ ಅಂತಲ್ಲವೇ ನಾನು ಮಾಡಿದ್ದು ಎಂದೂ ಹೇಳಿದೆ. ಅವಳು ಬೀನ್ಸ್ ಮುರಿಯುತ್ತಾ ಪೂರ್ತಿ ಕೇಳಿಸಿಕೊಂಡಳು.

“ಮೊದಲು ಆ ಹುಡುಗಿಗೆ ಹೇಳ್ತೀರಾ, ಮಾಲೀಕರಿಗೆ ಹೇಳ್ತೀರಾ?” ಎಂದು ಕೇಳಿದಳು.

ಮೂರನೇ ದಾರಿ ಇದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ನನಗೆ ಹೊಳೆದಿತ್ತು. ನಾಚಿಕೆಯಾಯಿತು.

ಮಾರ್ಚ್ 23, ಭಾನುವಾರ

ಬೆಳ್ಮಣ್, ಶಿರ್ವ ದಾಟಿ ಕಾಪುವಿಗೆ ಹೋದೆ. ಮಸೀದಿಯ ಹಿಂದಿನ ಓಣಿಯಲ್ಲಿ ಮನೆ. ರಶೀದಾಳ ತಾಯಿ ಕುಂಞಿಪಾತುಮ್ಮ ಬಾಗಿಲು ತೆಗೆದರು. ಕಂಪನಿಯ ತಾರಾನಾಥಣ್ಣ ಎಂದ ಕೂಡಲೇ ಮುಖ ಅರಳಿತು, ಹಲ್ವದ ಹೊತ್ತಿನಲ್ಲಿ ಮಗಳು ನನ್ನ ಬಗ್ಗೆ ಹೇಳಿದ್ದಳಂತೆ. ತುಳುವಿನಲ್ಲೇ ಮಾತಾಡಿದರು. ನೀವೇನು ಉಪವಾಸವಲ್ಲವಲ್ಲ ಎಂದು ಶರಬತ್ತು ಮಾಡಿ ತಂದಿಟ್ಟರು. ಒಂದು ಗುಟುಕು ಕುಡಿದು ಕೆಳಗಿಟ್ಟೆ.

ರಶೀದಾ ಬಂದು ಎದುರು ಕೂತಳು. ಹೇಳಿದೆ. ಒಂದೂ ಬಿಡದೆ ಹೇಳಿದೆ.

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ನನ್ನ ಜಾಯಿಂಟಿನಲ್ಲಿ ಎಂತ ತಪ್ಪು ಇತ್ತು?”

“ತಪ್ಪು ಅಂತ ಅಲ್ಲ. ಹೊಳೀತಿರಲಿಲ್ಲ.”

“ಹಾಗಾದರೆ ಬಾಣ ಹಾಕಬಹುದಿತ್ತಲ್ಲ. ನನ್ನ ಮುಖಕ್ಕೇ ಹೇಳಬಹುದಿತ್ತಲ್ಲ. ನಾನು ಪುಸ್ತಕ ತೆರೆದು ನಿಮ್ಮ ಹತ್ತಿರ ವಾದ ಮಾಡ್ತಿದ್ದೆ.”

“ನಿನಗೆ ಕೆಟ್ಟ ಹೆಸರು ಬರಬಾರದು ಅಂತ ಮಾಡಿದ್ದು ರಶೀದಾ.”

“ನನಗೋಸ್ಕರ ಅಲ್ಲ ತಾರಾನಾಥಣ್ಣ. ನಿಮಗೆ ನೋಡಿ ಸಹಿಸ್ಲಿಕ್ಕೆ ಆಗಲಿಲ್ಲ.” ದನಿ ಏರಿಸಲಿಲ್ಲ. “ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿದರಲ್ಲ, ಆ ದಿನ ನಾನು ಮನೆಗೆ ಬಂದು ಉಮ್ಮನಿಗೆ ಹೇಳಿದೆ, ನನ್ನ ಕೈ ಈಗ ಸರಿಯಾಗಿ ಕೂತಿದೆ ಅಂತ. ಅದು ನನ್ನ ಕೈ ಅಂತ ನಾನು ಅಂದುಕೊಂಡಿದ್ದೆ.”

ಕೆಲಸ ಹೋಗುವ ಭಯಕ್ಕಿಂತ ಈ ಮಾತು ಹೆಚ್ಚು ಚುಚ್ಚಿತು. ನಾಳೆ ಬೆಂಜಮಿನ್ ಸಾರಿಗೆ ಹೇಳುತ್ತೇನೆ ಎಂದೆ. ಹೇಳಿ, ಎಂದಳು. ಕುಂಞಿಪಾತುಮ್ಮನಿಗೆ ಏನು ನಡೆಯಿತೆಂದು ಗೊತ್ತಾಗಲಿಲ್ಲ, ಪಾಪ, ಶರಬತ್ತು ಪೂರ್ತಿ ಕುಡಿಯಿರಿ ಎಂದು ಬಾಗಿಲವರೆಗೂ ಹೇಳಿದರು.

ಮಾರ್ಚ್ 24, ಸೋಮವಾರ

ಹೇಳಿದೆ. ಸುರುಳಿಯನ್ನು ಬೆಂಜಮಿನ್ ಸಾರ್ ಮೇಜಿನ ಮೇಲೆ ಇಟ್ಟೆ. ಲಕ್ಷಿತ್ ಸಾರ್ ಮುಖ ಕೆಂಪಾಯಿತು. ಬೆಂಜಮಿನ್ ಸಾರ್ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮುದ್ರೆ ವಾಪಸು ಕೊಡಿ ಎಂದರು. ಜೇಬಿನಿಂದ ತೆಗೆದು ಕೊಟ್ಟೆ.

ಆಮೇಲೆ ಒಂದು ಕೆಲಸ ಹೇಳಿದರು. ನಮ್ಮಲ್ಲೂ ಅವರಲ್ಲೂ ಇರುವ ಬೋರ್ಡುಗಳನ್ನೆಲ್ಲ ತರಿಸುತ್ತಾರೆ. ಯಾವುದು ನಾನು ಮುಟ್ಟಿದ್ದು, ಯಾವುದು ಮುಟ್ಟದ್ದು ಎಂದು ನಾನೇ ಬೇರೆ ಮಾಡಿಕೊಡಬೇಕು. “ನಿಮ್ಮ ಕೈ ನಿಮಗೇ ಗೊತ್ತಾಗುವುದಲ್ವಾ?” ಎಂದರು. ಅದು ಮುಗಿಯುವವರೆಗೆ ನನ್ನನ್ನು ಏನು ಮಾಡುವುದೆಂದು ಹೇಳುವುದಿಲ್ಲವಂತೆ.

ಮಾರ್ಚ್ 27, ಗುರುವಾರ

ಮೂರು ದಿನ ಬೋರ್ಡು ಆರಿಸುವುದೇ ಕೆಲಸ. ಎಡಕ್ಕೆ ನನ್ನವು, ಬಲಕ್ಕೆ ರಶೀದಾಳವು. ನನ್ನವನ್ನು ಗುರುತಿಸುವುದು ಸುಲಭ, ದೂರದಿಂದಲೇ ಮಿಂಚುತ್ತವೆ. ಲಕ್ಷಿತ್ ಸಾರ್ ಎರಡೂ ರಾಶಿಯಿಂದ ಕೆಲವನ್ನು ಬಿಸಿ ಪೆಟ್ಟಿಗೆಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಬಲಗಡೆಯದು ಒಂದೂ ಸಾಯಲಿಲ್ಲ.

ಇವತ್ತು ಮಧ್ಯಾಹ್ನ ಕೆಲಸ ಮುಗಿದ ಮೇಲೂ ಅವಳ ಒಂದು ಬೋರ್ಡನ್ನು ಕನ್ನಡಿಯಡಿ ಹಾಗೇ ಇಟ್ಟುಕೊಂಡಿದ್ದೆ. ಹೊಳಪು ಇದೆಯೇ ಇಲ್ಲವೇ ಎಂದು ನೋಡುವುದನ್ನು ಬಿಟ್ಟರೆ ನೋಡಲು ಎಷ್ಟೊಂದು ಇದೆ. ಸೋಲ್ಡರ್ ಕಾಲಿನ ಮೇಲಿಂದ ಇಳಿದು, ಅಂಚಿಗೆ ಬರುವಾಗ ತೆಳ್ಳಗಾಗಿ, ತಾಮ್ರದೊಳಗೆ ಸೇರಿಹೋಗಿದೆ. ಎಲ್ಲಿ ಮುಗಿಯಿತು ಎಂದು ಗೆರೆ ಸಿಗುವುದಿಲ್ಲ. ಎಂಟು ಕಾಲಿಗೂ ಹಾಗೆಯೇ. ನನ್ನದರಲ್ಲಿ ಅಂಚು ಉಬ್ಬಿ ನಿಂತಿದೆ. ಎರಡು ತಿಂಗಳು ದಿನವೂ ನನ್ನ ಕಣ್ಣ ಕೆಳಗೇ ಇತ್ತು ಇದು.

ಮನೆಯಲ್ಲಿ ಮಿಕ್ಸಿ ಮತ್ತೆ ಸದ್ದು ಮಾಡುತ್ತಿದೆ. ಅರೆಯುತ್ತದೆ, ಬಿಚ್ಚಲು ಹೋಗಲಿಲ್ಲ. ಬಂಗುಡೆ ಮೀನಿನ ಪುಳಿಮುಂಚಿ ಸಾರು ಇತ್ತು, ಉಪ್ಪುಖಾರಕ್ಕೆ ಹೆಸರಿಡದೆ ಎರಡು ಸಲ ಬಡಿಸಿಕೊಂಡೆ. ಮೈ ಹುಷಾರಿಲ್ವಾ ಎಂದು ಕುಶಲಾ ಹಣೆ ಮುಟ್ಟಿ ನೋಡಿದಳು. ಯಾಕೆ ಕೇಳಿದಳೋ ತಿಳಿಯಲಿಲ್ಲ.

ಏಪ್ರಿಲ್ 2, ಬುಧವಾರ

ಈದ್ ರಜೆ ಮುಗಿಸಿ ರಶೀದಾ ಬಂದಳು. ಖಾಯಂ ಆದ ಪತ್ರ ಕೊಟ್ಟರು. ಲಕ್ಷಿತ್ ಸಾರ್ ಎಲ್ಲರೆದುರು ಅವಳಲ್ಲಿ ಕ್ಷಮೆ ಕೇಳಿದರು. ಬೆಂಜಮಿನ್ ಸಾರ್ ಏನಾಯಿತೆಂದು ನನ್ನ ಹೆಸರು ಹಿಡಿದೇ ವಿವರಿಸಿದರು. ನಾನು ನಿಂತುಕೊಂಡೇ ಕೇಳಿದೆ.

ಆಮೇಲೆ ನನ್ನನ್ನು ಒಳಗೆ ಕರೆದರು. “ಎರಡು ದಾರಿ ಉಂಟು ತಾರಾನಾಥರೇ. ಮನೆಗೆ ಹೋಗುವುದು ಒಂದು. ಇಲ್ಲವಾ, ಮೇ ತಿಂಗಳಲ್ಲಿ ಹೊಸಬರ ಬ್ಯಾಚ್ ಶುರುವಾಗ್ತದೆ. ಅವರ ಜೊತೆ ಕೂತು ಸೋಲ್ಡರ್ ಮಾಡ್ಲಿಕ್ಕೆ ಮೊದಲಿನಿಂದ ಕಲಿಯುವುದು. ಕಲಿಸುವುದು ರಶೀದಾ.” ಅವಳು ಒಪ್ಪಿದ್ದಾಳಾ ಎಂದು ಕೇಳಿದೆ. ಅವಳನ್ನು ಕೇಳಿದ ಮೇಲೇ ಹೇಳುತ್ತಿರುವುದು ಎಂದರು.

ಸಂಜೆ ರಶೀದಾ ಈದಿನ ತಿಂಡಿ ಹಂಚಿದಳು. ಎಲ್ಲರ ಮೇಜಿಗೂ ಇಟ್ಟಂತೆ ನನ್ನ ಮೇಜಿಗೂ ಒಂದು ಪೊಟ್ಟಣ ಇಟ್ಟು ಮುಂದೆ ಹೋದಳು.

ಮೇ 12, ಸೋಮವಾರ

ಸುಮಾರು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ, ಸ್ಟೋರಿನಲ್ಲಿ ಪೆಟ್ಟಿಗೆ ಎಣಿಸುತ್ತಿದ್ದೆ.

ರಶೀದಾ ಟ್ರೈನರ್ ಪರೀಕ್ಷೆ ಪಾಸಾಗಿ ಬಂದಿದ್ದಾಳೆ. ಇವತ್ತಿನಿಂದ ಹೊಸ ಬ್ಯಾಚು. ಐಟಿಐಯಿಂದ ಬಂದ ಇಬ್ಬರು ಹುಡುಗಿಯರು ಮತ್ತು ನಾನು. ಹುಡುಗಿಯರಿಗೆ ನನ್ನ ಕಥೆ ಗೊತ್ತಿಲ್ಲ, ಅಂಕಲ್ ಅಂಕಲ್ ಎನ್ನುತ್ತಾರೆ. ರಶೀದಾ ಮೂವರಿಗೂ ಒಂದೇ ರೀತಿ ಹೇಳಿಕೊಡುತ್ತಾಳೆ. ಕಾವಿ ಹಿಡಿಯುವುದನ್ನೂ ನನಗೆ ಹೇಳಿಕೊಟ್ಟಳು. ಮೂವತ್ತು ವರ್ಷ ಹಿಡಿದ ಕೈ, ಬೆರಳು ಎಲ್ಲಿಡಬೇಕೆಂದು ತಿದ್ದಿದಳು. ತಿದ್ದಿಸಿಕೊಂಡೆ. ಅವಳು ಹೇಳಿದಂತೆ ಹಿಡಿದರೆ ಮಣಿಕಟ್ಟು ನೋಯುವುದಿಲ್ಲ, ಇದು ನನಗೆ ಹೊಸ ವಿಷಯ.

ಮಧ್ಯಾಹ್ನದ ಮೇಲೆ ಎಂಟು ಕಾಲಿನ ಕನೆಕ್ಟರು ಕೊಟ್ಟಳು. ಕಂಪನಿಯ ತಂತಿಯಲ್ಲೇ ಮಾಡಿದೆ. ಮುಟ್ಟಿ, ಹರಿಯಲು ಬಿಟ್ಟು, ತೆಗೆದೆ. ಬಿಸಿಯಲ್ಲಿ ಒಂದು ಕ್ಷಣ ಹೊಳೆದ ಸೋಲ್ಡರು ಆರುತ್ತಾ ಒಂದೊಂದಾಗಿ ಮಂಕಾಯಿತು. ಕೊನೆಯ ಕಾಲು ತೀರಾ ಮಂಕು. ಇನ್ನೊಂದು ಸಲ ಮುಟ್ಟಿದರೆ ಎಂದು ಕೈ ಹೊರಟಿತ್ತು. ಕಾವಿಯನ್ನು ಸ್ಟ್ಯಾಂಡಿಗೆ ಇಟ್ಟು ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಪಕ್ಕದ ಹುಡುಗಿ, ಯಾಕೆ ಅಂಕಲ್, ಸುಟ್ಟಿತಾ ಎಂದು ಕೇಳಿದಳು.

ರಶೀದಾ ಬಂದು ಬೋರ್ಡನ್ನು ಕನ್ನಡಿಯಡಿ ಇಟ್ಟಳು. ತಿರುಗಿಸಿ ತಿರುಗಿಸಿ ನೋಡಿದಳು. ಇಷ್ಟು ಹೊತ್ತು ನನ್ನ ಕೆಲಸವನ್ನು ಯಾರೂ ನೋಡಿದ್ದಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೂ ನಾನು ಹೀಗೆ ಕಾದಿರಲಿಲ್ಲ.

“ಪಾಸ್” ಎಂದಳು.

ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. “ಚೆನ್ನಾಗಿ ಬಂದಿದೆಯಾ?”

“ಚೆನ್ನಾಗಿ ಬಂದಿದೆ ಅಂತ ನಾನು ಹೇಳಲಿಲ್ಲ ತಾರಾನಾಥಣ್ಣ. ಪಾಸ್ ಅಂತ ಹೇಳಿದೆ. ಮುಂದಿನ ಬೋರ್ಡು ತೆಗೆದುಕೊಳ್ಳಿ.”

ತೆಗೆದುಕೊಂಡೆ.